ಉದರದ ಅಂಗಳಕ್ಕೇ ಇಳಿಯುವ ಔಷಧ

ನಾರಾಯಣಪುರದಲ್ಲಿ ಕೃಷ್ಣೆಯನ್ನು ತಡೆದು ಕಾಲುವೆಗಳಲ್ಲಿ ಹರಿಯಿಸಿದ ನೀರಿನ ಒಂದು ಶಾಖೆ ಜೇವರ್ಗಿಯ ಹೆಸರನ್ನೇ ಹೊತ್ತಿದೆ. ಕಾಲುವೆಯ ಬಾಯಿಗೆ ಸಮೀಪದಲ್ಲಿ ಹೊಲವುಳ್ಳವನಿಗೆ ನೀರಿನ ಚಿಂತೆಯಿಲ್ಲ. ಚಿಂತೆಯೆಲ್ಲ ಬಾಲದ ತುದಿಯಲ್ಲಿ ಬಿತ್ತಿದವನದು. ಜಲಾಶಯ ತುಂಬಿರುತ್ತದೆ, ಕಾಲುವೆಯೂ ಹರಿಯುತ್ತಿರುತ್ತದೆ. ಆದರೂ ಕೊನೆಯ ಹೊಲದ ಮಣ್ಣು ಬಿರಿದೇ ಇರುವುದುಂಟು. ಅಲ್ಲಿ ಬೆಳೆ ಒಣಗುವುದು ನೀರಿಲ್ಲವೆಂದಲ್ಲ, ನೀರು ತಲುಪಲಿಲ್ಲವೆಂದು.

ಮನುಷ್ಯನ ದೇಹದಲ್ಲಿಯೂ ಇಂತಹ ಒಂದು ಕೊನೆಯ ಹೊಲವುಂಟು. ಹೊಟ್ಟೆಯ ಒಳಗೋಡೆಗೆ ಅಂಟಿಕೊಂಡು, ಜಠರ, ಕರುಳು, ಯಕೃತ್ತುಗಳನ್ನೆಲ್ಲ ಹೊದಿಕೆಯಂತೆ ಸುತ್ತಿರುವ ತೆಳುವಾದ ಉದರಪೊರೆಯೇ ಅದು. ವೈದ್ಯರ ಭಾಷೆಯಲ್ಲಿ ಪೆರಿಟೋನಿಯಂ. ಈ ಪೊರೆಯನ್ನು ಬಿಚ್ಚಿ ಹಾಸಿದರೆ ಇಡೀ ಮೈಯ ಚರ್ಮದಷ್ಟೇ ವಿಸ್ತಾರವಾದೀತು. ಕರುಳಿನ ಸುರುಳಿಗಳು ಒಂದಕ್ಕೊಂದು ಉಜ್ಜದೆ ಜಾರುವಂತೆ ಸ್ವಲ್ಪ ದ್ರವವನ್ನು ಸ್ರವಿಸುವುದು ಇದರ ಕಾರ್ಯಗಳಲ್ಲೊಂದು. ಆರೋಗ್ಯವಂತನಿಗೆ ಇಂತಹದೊಂದು ಪೊರೆಯಿದೆ ಎಂಬ ಅರಿವೂ ಇರುವುದಿಲ್ಲ. ಆದರೆ ಜಠರದ ಕ್ಯಾನ್ಸರ್ ತನ್ನ ಎಲ್ಲೆಯನ್ನು ಮೀರಿದಾಗ ಅದು ಬಹುಮಟ್ಟಿಗೆ ಬೀಡುಬಿಡುವ ಸ್ಥಳಗಳಲ್ಲಿ ಇದೂ ಒಂದು. ರಕ್ತದ ಕಾಲುವೆಯ ಮೂಲಕ ಕಳುಹಿಸಿದ ಔಷಧ ಇಲ್ಲಿಗೆ ಸಾಕಷ್ಟು ತಲುಪುವುದಿಲ್ಲ. ಹಾಗಾದರೆ ಔಷಧವನ್ನು ನೇರವಾಗಿ ಉದರದೊಳಕ್ಕೇ ಏಕೆ ಬಿಡಬಾರದು? ಈ ಸರಳವಾದ ಪ್ರಶ್ನೆಯ ಬೆನ್ನುಹತ್ತಿ ವೈದ್ಯಶಾಸ್ತ್ರ ಬಹುದೂರ ಬಂದಿದೆ.

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ಕಲಬುರಗಿ ಜಿಲ್ಲೆಯ ಪಡುವಲ ಮತ್ತು ತೆಂಕಣ ಅಂಚಿನಲ್ಲಿವೆ. ಜೋಳ, ತೊಗರಿ, ಭೀಮಾ ತೀರದ ಕಬ್ಬು ಇಲ್ಲಿನ ಜನರ ಜೀವನಾಧಾರ. ಜಠರದ ಕ್ಯಾನ್ಸರ್ ಈ ಮನೆಗಳಿಗೆ ಬರುವಾಗ ಡಂಗುರ ಸಾರಿಕೊಂಡು ಬರುವುದಿಲ್ಲ. ಎರಡು ರೊಟ್ಟಿ ಉಣ್ಣುತ್ತಿದ್ದ ಯಜಮಾನನಿಗೆ ಅರ್ಧ ರೊಟ್ಟಿಗೇ ಹೊಟ್ಟೆ ತುಂಬಿದಂತಾಗುತ್ತದೆ. ಎದೆಯ ಕೆಳಗೆ ಉರಿ, ಆಗಾಗ ಹುಳಿತೇಗು. ಖಾರ ಹೆಚ್ಚಾಯಿತೆಂದು ಮನೆಯಾಕೆ ಪಲ್ಯದ ಖಾರವನ್ನು ಕಡಮೆ ಮಾಡುತ್ತಾಳೆ. ಔಷಧದ ಅಂಗಡಿಯವನು ಪಿತ್ತದ ಗುಳಿಗೆ ಕೊಡುತ್ತಾನೆ. ಗುಳಿಗೆಯಿಂದ ಕೆಲವು ದಿನ ಹಿತವೂ ಆಗುತ್ತದೆ. ಅಷ್ಟರಲ್ಲಿ ತೊಗರಿಯ ರಾಶಿ ಬರುತ್ತದೆ. ‘ರಾಶಿ ಮುಗಿಯಲಿ, ದೊಡ್ಡ ದವಾಖಾನೆಗೆ ಹೋದರಾಯಿತು’ ಎಂಬ ಮಾತು ಬರುತ್ತದೆ. ರಾಶಿ ಮುಗಿಯುವ ವೇಳೆಗೆ ತೂಕ ಇಳಿದಿರುತ್ತದೆ, ಮಲ ಕಪ್ಪಾಗಿರುತ್ತದೆ, ಮುಖ ಬಿಳಿಚಿರುತ್ತದೆ. ಕೆಲವರ ಹೊಟ್ಟೆ ನೀರು ತುಂಬಿ ಉಬ್ಬಿರುತ್ತದೆ. ಆ ನೀರಿಗೆ ಕಾರಣ ಪಿತ್ತವಲ್ಲ. ಉದರಪೊರೆಗೆ ರೋಗ ಹಬ್ಬಿದೆ ಎಂಬುದರ ಕುರುಹು ಅದಾಗಿರಬಹುದು.

ರೋಗ ಹಬ್ಬುವ ಬಗೆಯನ್ನು ರೈತನಾದವನು ಬೇಗನೆ ತಿಳಿಯಬಲ್ಲ. ಜಠರದ ಒಳಪದರದಲ್ಲಿ ಹುಟ್ಟಿದ ಗಡ್ಡೆ ಗೋಡೆಯನ್ನು ಕೊರೆಯುತ್ತ ಹೊರಮೈಗೆ ಬಂದಾಗ ಅದರ ಕಣಗಳು ಕಳಚಿ ಉದರದ ದ್ರವದಲ್ಲಿ ಬೀಳುತ್ತವೆ. ಬಿತ್ತಿದ ಕಾಳಿನಂತೆ ಪೊರೆಯ ಮೇಲೆ ಅಲ್ಲಲ್ಲಿ ಬೇರೂರುತ್ತವೆ. ಇವುಗಳಲ್ಲಿ ಹಲವು ಸಾಸಿವೆಯಷ್ಟು ಚಿಕ್ಕವು. ಸಿಟಿ ಸ್ಕ್ಯಾನ್ ಯಂತ್ರದ ಕಣ್ಣಿಗೂ ಅವು ಬೀಳದಿರಬಹುದು. ಆದುದರಿಂದಲೇ ಗಡ್ಡೆ ಆಳಕ್ಕೆ ಇಳಿದಿರುವ ಶಂಕೆಯಿದ್ದಾಗ ವೈದ್ಯರು ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ದುರ್ಬೀನಿನ ಕೊಳವೆಯನ್ನು ಇಳಿಸಿ ನೋಡುವುದುಂಟು. ಉಪ್ಪುನೀರಿನಿಂದ ಒಳಗನ್ನು ತೊಳೆದು, ಆ ನೀರಿನಲ್ಲಿ ರೋಗದ ಕಣಗಳಿವೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದುಂಟು.

ಈ ಬಿತ್ತನೆಯ ಕ್ರೌರ್ಯವನ್ನು ವೈದ್ಯಲೋಕ ಮೊದಲಿನಿಂದಲೂ ಬಲ್ಲದು. 1881ರ ಜನವರಿಯಲ್ಲಿ ವಿಯೆನ್ನಾ ನಗರದ ಶಸ್ತ್ರವೈದ್ಯ ತಿಯೊಡೋರ್ ಬಿಲ್ರೋತ್ 43 ವರ್ಷದ ಮಹಿಳೆಯೊಬ್ಬಳ ಜಠರದ ರೋಗಪೀಡಿತ ಭಾಗವನ್ನು ಕತ್ತರಿಸಿ ತೆಗೆದು, ಉಳಿದುದನ್ನು ಕರುಳಿಗೆ ಹೊಲಿದನು. ಅಂತಹ ಶಸ್ತ್ರಕ್ರಿಯೆಯಲ್ಲಿ ಮೊತ್ತಮೊದಲ ಯಶಸ್ಸು ಅದು, ಯೂರೋಪೆಲ್ಲ ಬೆರಗಾಯಿತು. ಆಕೆ ಎದ್ದು ಓಡಾಡಿದಳು, ಊಟ ಮಾಡಿದಳು. ಆದರೆ ಸುಮಾರು 4 ತಿಂಗಳಲ್ಲಿ ತೀರಿಕೊಂಡಳು. ಹೊಲಿಗೆ ಬಿಚ್ಚಿರಲಿಲ್ಲ, ಗಾಯ ಕೀವಾಗಿರಲಿಲ್ಲ. ರೋಗ ಉದರದೊಳಗೆ ಅದಾಗಲೇ ಹರಡಿತ್ತು. ಗಿಡವನ್ನು ಕಿತ್ತರೂ ಉದುರಿದ ಬೀಜ ಮೊಳೆಯದೆ ಬಿಡಲಿಲ್ಲ.

ಮುಂದೆ ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಕ್ಯಾನ್ಸರನ್ನು ಔಷಧದಿಂದ ಎದುರಿಸುವ ಕೀಮೋಥೆರಪಿ ಬೆಳೆಯಿತು. ರಕ್ತನಾಳಕ್ಕೆ ಏರಿಸಿದ ಔಷಧ ದೇಹವನ್ನೆಲ್ಲ ಸುತ್ತುತ್ತದೆ. ಆದರೆ ಉದರಪೊರೆಗೂ ರಕ್ತಕ್ಕೂ ನಡುವೆ ಒಂದು ತಡೆಯುಂಟು. ಪೊರೆಯ ಮೇಲೆ ಕುಳಿತ ಸಣ್ಣ ಗಂಟುಗಳಲ್ಲಿ ರಕ್ತನಾಳಗಳೂ ವಿರಳ. ಹೀಗಾಗಿ ಔಷಧದಿಂದ ಕೂದಲು ಉದುರುತ್ತದೆ, ರಕ್ತಕಣಗಳು ಕುಗ್ಗುತ್ತವೆ, ವಾಂತಿಯಾಗುತ್ತದೆ; ಆದರೆ ಯಾವ ಶತ್ರುವಿಗಾಗಿ ಅದನ್ನು ಕೊಟ್ಟಿತೋ ಆ ಶತ್ರುವಿನ ಮನೆಯ ಬಾಗಿಲಿಗೆ ಅದು ಸಾಕಷ್ಟು ಮುಟ್ಟುವುದಿಲ್ಲ.

ಹೊಟ್ಟೆಯೊಳಕ್ಕೇ ಮದ್ದನ್ನು ಬಿಡುವ ಆಲೋಚನೆ ಇಂದಿನದಲ್ಲ. ಇಂಗ್ಲೆಂಡಿನ ಕ್ರಿಸ್ಟೋಫರ್ ವಾರಿಕ್ ಎಂಬ ಶಸ್ತ್ರವೈದ್ಯ ಜಲೋದರದ ರೋಗಿಯೊಬ್ಬಳ ಹೊಟ್ಟೆಯ ನೀರನ್ನು ತೆಗೆದು, ಅದರ ಬದಲಿಗೆ ಔಷಧೀಯ ಚಿಲುಮೆಯ ನೀರಿನೊಡನೆ ದ್ರಾಕ್ಷಾಮದ್ಯವನ್ನು ಬೆರೆಸಿ ಒಳಕ್ಕೆ ಬಿಟ್ಟ ವೃತ್ತಾಂತ 1744ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದು ಸಾಹಸವೇ ಹೊರತು ಶಾಸ್ತ್ರವಲ್ಲ. ಶಾಸ್ತ್ರದ ತಳಹದಿಯನ್ನು ಹಾಕಿದವರಲ್ಲಿ ಅಮೆರಿಕದ ರಾಬರ್ಟ್ ಡೆಡ್ರಿಕ್ ಮುಖ್ಯರು. ರಸಾಯನ ಎಂಜಿನಿಯರಿಂಗ್ ಕಲಿತಿದ್ದ ಅವರು ತಮ್ಮ ಸಹೋದ್ಯೋಗಿಗಳೊಡನೆ 1978ರಲ್ಲಿ ಲೆಕ್ಕ ಹಾಕಿ ತೋರಿಸಿದ್ದು ಇದು: ರಕ್ತದಲ್ಲಿಯ ಔಷಧವನ್ನು ಉದರಕ್ಕೆ ಬಿಡದ ತಡೆಯೇ, ಉದರದಲ್ಲಿಟ್ಟ ಔಷಧವನ್ನು ಬೇಗನೆ ರಕ್ತಕ್ಕೆ ಬಿಡುವುದೂ ಇಲ್ಲ. ಆದುದರಿಂದ ಹೇರಳವಾದ ದ್ರವದಲ್ಲಿ ಕರಗಿಸಿ ಉದರಕ್ಕೆ ತುಂಬಿದ ಮದ್ದು ಅಲ್ಲಿ ದಟ್ಟವಾಗಿ ನಿಲ್ಲುತ್ತದೆ. ಮೈಯ ಉಳಿದ ಭಾಗಕ್ಕೆ ಸ್ವಲ್ಪವೇ ಸೋರುತ್ತದೆ. ಅಡ್ಡಿಯಾಗಿದ್ದ ಒಡ್ಡೇ ಕೆರೆಯ ಏರಿಯಾಯಿತು.

ಇಂತಹ ಕೆರೆಯಲ್ಲಿ ನಿಲ್ಲಿಸಲು ಯೋಗ್ಯವಾದ ಮದ್ದುಗಳಲ್ಲಿ ಪ್ಯಾಕ್ಲಿಟಾಕ್ಸೆಲ್ ಒಂದು. ಅಮೆರಿಕದ ಪಶ್ಚಿಮ ತೀರದ ಯೂ ಎಂಬ ಮರದ ತೊಗಟೆಯಲ್ಲಿ ಇದು ದೊರೆಯಿತು. ಅದರ ರಚನೆಯನ್ನು 1971ರಲ್ಲಿ ಜಗತ್ತಿಗೆ ತಿಳಿಸಿದವರಲ್ಲಿ ಮನ್ರೋ ವಾಲ್ ಅವರೊಡನೆ, ಮಹಾರಾಷ್ಟ್ರದ ನಂದುರಬಾರದಲ್ಲಿ ಹುಟ್ಟಿದ ಮನ್ಸುಖ್ ವಾಣಿಯವರೂ ಒಬ್ಬರು. ಈ ಮದ್ದಿನ ಅಣು ದೊಡ್ಡದು, ನೀರಿನಲ್ಲಿ ಸುಲಭವಾಗಿ ಕರಗದು. ಅದರಿಂದಲೇ ಉದರದಲ್ಲಿ ಬಹುಕಾಲ ಉಳಿಯುತ್ತದೆ. ಅಲ್ಲಿ ಅದರ ಸಾಂದ್ರತೆ ರಕ್ತದಲ್ಲಿರುವುದಕ್ಕಿಂತ ನೂರಾರು ಪಟ್ಟು ಹೆಚ್ಚು. ಇಂದು ಇದು ಹಳೆಯ ಔಷಧ. ಭಾರತದ ಕಂಪೆನಿಗಳೇ ತಯಾರಿಸುತ್ತವೆ.

ಔಷಧವನ್ನು ಉದರಕ್ಕೆ ಇಳಿಸುವ ಮಾರ್ಗಗಳು ಮುಖ್ಯವಾಗಿ ಮೂರು. ಮೊದಲನೆಯದು ಬಿಸಿಯ ಮಾರ್ಗ. ಇದಕ್ಕೆ ಹೈಪೆಕ್ ಎಂಬ ಹೆಸರು ರೂಢಿಯಲ್ಲಿದೆ. ಹೊಟ್ಟೆಯನ್ನು ತೆರೆದು, ಕಣ್ಣಿಗೆ ಕಾಣುವ ಗಂಟುಗಳನ್ನೆಲ್ಲ ತೆಗೆದು, ಬಳಿಕ 41ರಿಂದ 43 ಡಿಗ್ರಿ ಸೆಲ್ಸಿಯಸ್ ತನಕ ಕಾಯಿಸಿದ ಮದ್ದಿನ ದ್ರಾವಣವನ್ನು ಯಂತ್ರದ ಮೂಲಕ ಒಂದು ಒಂದೂವರೆ ತಾಸು ಉದರದಲ್ಲಿ ಸುತ್ತಿಸುತ್ತಾರೆ. ಬೆಂಗಳೂರಿನಲ್ಲಿ ಈ ಚಿಕಿತ್ಸೆ ನಡೆಯತೊಡಗಿ ಹತ್ತು ವರ್ಷಗಳ ಮೇಲಾಯಿತು. ಎರಡನೆಯದು ಮಂಜಿನ ಮಾರ್ಗ. ಜರ್ಮನಿಯಲ್ಲಿ ಮಾರ್ಕ್ ರೈಮಂಡ್ ಮತ್ತು ಸಂಗಡಿಗರು 2011ರಲ್ಲಿ ಮೊದಲಿಗೆ ಬಳಸಿದ ಈ ಪದ್ಧತಿಯಲ್ಲಿ ಸಣ್ಣ ರಂಧ್ರದ ಮೂಲಕ ಮದ್ದನ್ನು ಹನಿಮಂಜಿನಂತೆ ಒತ್ತಡದಿಂದ ಸಿಂಪಡಿಸುತ್ತಾರೆ. ಮೂರನೆಯದು ಎಲ್ಲಕ್ಕಿಂತ ಸರಳ. ಹೊಟ್ಟೆಯ ಚರ್ಮದಡಿಯಲ್ಲಿ ನಾಣ್ಯದಗಲದ ಒಂದು ಪುಟ್ಟ ಡಬ್ಬಿಯನ್ನು ಹೂಳುತ್ತಾರೆ. ಅದರಿಂದ ಒಂದು ಮೆದುವಾದ ಕೊಳವೆ ಉದರದ ತಳಕ್ಕೆ ಇಳಿದಿರುತ್ತದೆ. ಆ ಡಬ್ಬಿಗೆ ಹೊರಗಿನಿಂದ ಸೂಜಿ ಚುಚ್ಚಿ, ಸುಮಾರು 1 ಲೀಟರ್ ಉಪ್ಪುನೀರಿನಲ್ಲಿ ಬೆರೆಸಿದ ಪ್ಯಾಕ್ಲಿಟಾಕ್ಸೆಲನ್ನು ಒಂದು ತಾಸಿನಲ್ಲಿ ಇಳಿಸುತ್ತಾರೆ. ಜಪಾನಿನ ವೈದ್ಯರು ರೂಢಿಸಿದ ಕ್ರಮದಲ್ಲಿ ಇದು ಮೂರು ವಾರಗಳ ಒಂದು ಸುತ್ತು. ಸುತ್ತಿನ 1ನೆಯ ಮತ್ತು 8ನೆಯ ದಿನ ಉದರಕ್ಕೂ ರಕ್ತನಾಳಕ್ಕೂ ಮದ್ದು, ಜೊತೆಗೆ ಮೊದಲ ಎರಡು ವಾರ ಬಾಯಿಂದ ಗುಳಿಗೆ.

ಇಷ್ಟೆಲ್ಲ ಮಾಡಿದ್ದಕ್ಕೆ ಫಲವೇನು ಎಂದು ವಾಚಕರು ಕೇಳುವುದು ಸಹಜ. ಇಲ್ಲಿ ಉತ್ಪ್ರೇಕ್ಷೆ ಸಲ್ಲದು. ಅಂಡಾಶಯದ ಕ್ಯಾನ್ಸರಿನಲ್ಲಿ ಈ ಮಾರ್ಗಕ್ಕೆ ಮೊದಲು ಮಾನ್ಯತೆ ದೊರೆಯಿತು. 2006ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪರೀಕ್ಷೆಯಲ್ಲಿ, ರಕ್ತನಾಳದಿಂದ ಮಾತ್ರ ಮದ್ದು ಪಡೆದವರ ಮಧ್ಯಮ ಆಯುಷ್ಯ 49.7 ತಿಂಗಳು, ಉದರಕ್ಕೂ ಪಡೆದವರದು 65.6 ತಿಂಗಳು. ಆದರೆ ಉದರಕ್ಕೆ ಪಡೆಯಬೇಕಾಗಿದ್ದ ಸ್ತ್ರೀಯರಲ್ಲಿ ಆರು ಸುತ್ತುಗಳನ್ನೂ ಅದೇ ಮಾರ್ಗದಲ್ಲಿ ಪೂರೈಸಿದವರು ನೂರಕ್ಕೆ 42 ಮಾತ್ರ. ಉಳಿದವರಿಗೆ ನೋವು, ಸೋಂಕು, ಕೊಳವೆಯ ತೊಂದರೆ ಮುಂತಾದವು ಅಡ್ಡಬಂದವು.

ಜಠರದ ವಿಷಯದಲ್ಲಿ ದಾರಿ ಇನ್ನೂ ಕಡಿದು. ಜಪಾನಿನಲ್ಲಿ ಫೀನಿಕ್ಸ್ ಎಂಬ ಹೆಸರಿನಿಂದ ನಡೆದ ಪರೀಕ್ಷೆಯ ಫಲಿತಾಂಶ 2018ರಲ್ಲಿ ಹೊರಬಂದಿತು. ಉದರಕ್ಕೆ ಮದ್ದು ಪಡೆದವರ ಮಧ್ಯಮ ಆಯುಷ್ಯ 17.7 ತಿಂಗಳು, ಉಳಿದವರದು 15.2 ತಿಂಗಳು. ಅಂಕಿಅಂಶಶಾಸ್ತ್ರದ ತಕ್ಕಡಿಯಲ್ಲಿ ಈ ಅಂತರ ಸಾಲದಾಯಿತು; ಪರೀಕ್ಷೆ ಗೆದ್ದಿತೆಂದು ಹೇಳುವಂತಿರಲಿಲ್ಲ. ಆದರೂ ಮೂರು ವರ್ಷಗಳ ಅನಂತರ ಬದುಕಿದ್ದವರನ್ನು ಎಣಿಸಿದಾಗ ಒಂದು ಕಡೆ ನೂರಕ್ಕೆ 21.9, ಇನ್ನೊಂದು ಕಡೆ 6. ಈ ಸಂಖ್ಯೆ ಆಸೆಯನ್ನು ಉಳಿಸಿತು. ಜರ್ಮನಿಯ ಬಿಸಿಮದ್ದಿನ ಪರೀಕ್ಷೆಯೊಂದರಲ್ಲಿ ಎರಡು ಗುಂಪುಗಳ ಆಯುಷ್ಯವೂ 14.9 ತಿಂಗಳು, ಒಂದಿಷ್ಟೂ ವ್ಯತ್ಯಾಸವಿಲ್ಲ. ರೋಗ ಮತ್ತೆ ತಲೆಯೆತ್ತುವುದು ಮಾತ್ರ ತಡವಾಯಿತು. 2025ರಲ್ಲಿ ವರದಿಯಾದ ಚೀನಾದ ಪರೀಕ್ಷೆ ಜಪಾನಿನ ಮಾರ್ಗವನ್ನೇ ಹಿಡಿದಿತ್ತು. ಅಲ್ಲಿ ಉದರಕ್ಕೆ ಪ್ಯಾಕ್ಲಿಟಾಕ್ಸೆಲ್ ಪಡೆದವರು 19.4 ತಿಂಗಳು, ಪಡೆಯದವರು 13.9 ತಿಂಗಳು ಬದುಕಿದರು. ಇವೂ ಮಧ್ಯಮ ಸಂಖ್ಯೆಗಳೇ. ಕೆಲವರಲ್ಲಿ ಉದರ ತಿಳಿಯಾಗಿ, ಮೊದಲು ಅಸಾಧ್ಯವೆನಿಸಿದ್ದ ಜಠರದ ಶಸ್ತ್ರಕ್ರಿಯೆ ಸಾಧ್ಯವಾದುದೂ ಉಂಟು.

ಐದೂವರೆ ತಿಂಗಳ ಅಂತರವೆಂದರೆ ಎಷ್ಟು? ಕಲಬುರಗಿಯ ಸೀಮೆಯಲ್ಲಿ ಅದನ್ನು ಅಳೆಯುವುದು ಕಷ್ಟವಲ್ಲ. ಮುಂಗಾರಿನಲ್ಲಿ ತೊಗರಿ ಬಿತ್ತಿದ ದಿನದಿಂದ ರಾಶಿಯಾಗುವ ತನಕ ಹಿಡಿಯುವ ಕಾಲ ಹೆಚ್ಚುಕಡಮೆ ಅಷ್ಟೇ. ಒಂದು ಬೆಳೆಯ ಕಾಲ. ಕೇಳುವವನಿಗೆ ಅದು ಅಲ್ಪ. ಮಗಳ ಲಗ್ನವನ್ನು ನೋಡಬೇಕೆಂದಿರುವ ತಂದೆಗೆ ಅಲ್ಪವಲ್ಲ. ಆದರೆ ಆ ಕಾಲ ಎಂತಹದಾಗಿರುತ್ತದೆ, ಮನೆಯಲ್ಲೋ ದವಾಖಾನೆಯ ಹಾಸಿಗೆಯಲ್ಲೋ ಎಂಬುದೂ ಅಷ್ಟೇ ಮುಖ್ಯವಾದ ಪ್ರಶ್ನೆ.

ಈ ಚಿಕಿತ್ಸೆಯ ಮಿತಿಯನ್ನೂ ತಿಳಿದಿರಬೇಕು. ಉದರದಲ್ಲಿ ನಿಂತ ಮದ್ದು ಗಂಟಿನೊಳಕ್ಕೆ ಇಳಿಯುವುದು ಕೆಲವೇ ಮಿಲಿಮೀಟರ್. ಸಾಸಿವೆಯಷ್ಟರ ಗಂಟನ್ನು ಅದು ನೆನೆಸಬಲ್ಲದು; ನಿಂಬೆಯಷ್ಟರದರ ಮೇಲ್ಮೈಯನ್ನು ಮಾತ್ರ ಸವರೀತು. ಹಿಂದಿನ ಶಸ್ತ್ರಕ್ರಿಯೆಯಿಂದ ಕರುಳುಗಳು ಅಂಟಿಕೊಂಡಿದ್ದರೆ ದ್ರವ ಮೂಲೆಮೂಲೆಗೆ ಹರಡದು. ಯಕೃತ್ತಿಗೋ ಶ್ವಾಸಕೋಶಕ್ಕೋ ರೋಗ ಹಾರಿದ್ದರೆ ಉದರದ ಮದ್ದೊಂದರಿಂದ ಕೆಲಸವಾಗದು. ರೋಗಿ ತೀರ ಬಡಕಲಾಗಿದ್ದರೆ, ಕರುಳು ಕಟ್ಟಿಕೊಂಡಿದ್ದರೆ ಅಪಾಯವೇ ಹೆಚ್ಚು. ಈ ಕಾರಣಗಳಿಂದ ಜಗತ್ತಿನ ಬಹುಪಾಲು ದೇಶಗಳಲ್ಲಿ ಇದು ಇಂದಿಗೂ ಎಲ್ಲರಿಗೂ ಕೊಡುವ ಚಿಕಿತ್ಸೆಯಾಗಿಲ್ಲ. ಆಯ್ದ ರೋಗಿಗಳಿಗೆ, ಅನುಭವವುಳ್ಳ ಕೇಂದ್ರಗಳಲ್ಲಿ ಮಾತ್ರ ನಡೆಯುತ್ತದೆ. ರಕ್ತನಾಳದ ಕೀಮೋಥೆರಪಿಯೇ ಈಗಲೂ ಮುಖ್ಯ ಆಧಾರ.

ಹೀಗೆ, ಮದ್ದು ದೇಹದೊಳಗಿನ ಕೊನೆಯ ಹೊಲವನ್ನು ತಲುಪುವ ದಾರಿ ಒಂದಿಷ್ಟು ತೆರೆಯಿತು. ಆದರೆ ರೋಗಿ ಮದ್ದಿನ ಬಳಿಗೆ ತಲುಪುವ ದಾರಿ ಎಂತು? ಆಳಂದ, ಅಫಜಲಪುರ, ಜೇವರ್ಗಿಯವರ ಪಾಲಿಗೆ ನಿಜವಾದ ಪ್ರಶ್ನೆ ಇದು.

ಹಿಂದೆ ಈ ಸೀಮೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ದೊಡ್ಡ ಕಾಯಿಲೆಗೆ ಹೈದರಾಬಾದಿಗೆ ಹೋಗುವ ವಾಡಿಕೆ ಅಂದಿನದು. ಅಲ್ಲಿಯ ಮೆಹ್ದಿ ನವಾಜ್ ಜಂಗ್ ಕ್ಯಾನ್ಸರ್ ಆಸ್ಪತ್ರೆ 1955ರಿಂದ ಇದೆ. ಆಳಂದ, ಅಫಜಲಪುರಗಳು ಮಹಾರಾಷ್ಟ್ರದ ಗಡಿಯ ತಾಲ್ಲೂಕುಗಳಾದುದರಿಂದ ಸೊಲ್ಲಾಪುರವೂ ಅದರಾಚೆಯ ಬಾರ್ಶಿಯ ನರ್ಗಿಸ್ ದತ್ ಕ್ಯಾನ್ಸರ್ ಆಸ್ಪತ್ರೆಯೂ ಇವರಿಗೆ ಅಪರಿಚಿತವಲ್ಲ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆ ರಾಜ್ಯದ ಹಿರಿಯ ಆಸರೆ. ಅದರ ಶಾಖಾಕೇಂದ್ರವೊಂದು ಕಲಬುರಗಿಯಲ್ಲಿಯೇ ಇದೆ. ಬಡತನದ ರೇಖೆಗಿಂತ ಕೆಳಗಿನವರ ದೊಡ್ಡ ಚಿಕಿತ್ಸೆಗಳ ವೆಚ್ಚವನ್ನು ಭರಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲಿಗೆ ಜಾರಿಗೆ ಬಂದುದೂ ಕಲಬುರಗಿ ವಿಭಾಗದಲ್ಲಿಯೇ. 2018ರಿಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಅದರ ಸ್ಥಾನದಲ್ಲಿದ್ದು, ಬಡ ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ವರೆಗೆ ನೆರವು ಉಂಟು. 2025ರಲ್ಲಿ ರಾಜ್ಯ ಸರ್ಕಾರ 16 ಜಿಲ್ಲಾ ಆಸ್ಪತ್ರೆಗಳಲ್ಲಿ ದಿನದೊಳಗೆ ಕೀಮೋಥೆರಪಿ ಪಡೆದು ಮನೆಗೆ ಮರಳುವ ಕೇಂದ್ರಗಳನ್ನು ತೆರೆಯಿತು.

ಒಂದು ಸಣ್ಣ ಲೆಕ್ಕ ನೋಡಬಹುದು. ಪುಟ್ಟ ಡಬ್ಬಿಯ ಮಾರ್ಗದಲ್ಲಿ ಮೂರು ವಾರಕ್ಕೆ ಎರಡು ಸಲ ಆಸ್ಪತ್ರೆಗೆ ಹೋಗಬೇಕು. ಆರು ಸುತ್ತು ಎಂದು ಹಿಡಿದರೆ ಹದಿನೆಂಟು ವಾರಗಳಲ್ಲಿ ಹನ್ನೆರಡು ಸಲ. ಕಲಬುರಗಿಯಿಂದ ಬೆಂಗಳೂರು 600 ಕಿಲೋಮೀಟರಿಗೆ ಸಮೀಪ. ಹನ್ನೆರಡು ಸಲ ಹೋಗಿಬರುವುದೆಂದರೆ ಸುಮಾರು 14,000 ಕಿಲೋಮೀಟರ್ ಪಯಣ. ವಾಂತಿಯಿಂದ ಬಳಲಿದ ರೋಗಿ, ಅವನ ಕೈಹಿಡಿದ ಮಗ, ಊರಲ್ಲಿ ಕೂಲಿ ಬಿಟ್ಟ ದಿನಗಳು. ಅದೇ ಜೇವರ್ಗಿಯಿಂದ ಕಲಬುರಗಿಗೆ 40 ಕಿಲೋಮೀಟರ್ ಆಸುಪಾಸು. ಹನ್ನೆರಡು ಸಲ ಹೋಗಿಬಂದರೂ 1,000 ಕಿಲೋಮೀಟರ್ ದಾಟದು. ಬಿಸಿಮದ್ದಿನ ದೊಡ್ಡ ಶಸ್ತ್ರಕ್ರಿಯೆ ಮಹಾನಗರದಲ್ಲಿಯೇ ಆಗಬೇಕಾದೀತು. ಡಬ್ಬಿಯನ್ನು ಹೂಳುವುದಾದರೂ ಪರಿಣತರ ಕೈಯಲ್ಲಿಯೇ ಆಗಲಿ. ಆದರೆ ಅನಂತರ ಸೂಜಿ ಚುಚ್ಚಿ ಮದ್ದನ್ನು ಇಳಿಸುವ ಕೆಲಸವನ್ನು, ತಕ್ಕ ತರಬೇತಿ ಮತ್ತು ಮೇಲ್ವಿಚಾರಣೆಯೊಡನೆ, ರೋಗಿಯ ಮನೆಗೆ ಹತ್ತಿರದ ಕೇಂದ್ರದಲ್ಲಿ ನಡೆಸುವ ವ್ಯವಸ್ಥೆಯಾಗಬಾರದೆ? ಚಿಕಿತ್ಸೆ ಮುಂದೆ ಸರ್ವಮಾನ್ಯವಾದ ದಿನ ಕಲಬುರಗಿಯಂತಹ ಊರುಗಳು ಅದಕ್ಕೆ ಸಿದ್ಧವಾಗಿರಬೇಕೆಂಬುದು ದೊಡ್ಡ ಬೇಡಿಕೆಯೇನಲ್ಲ.

ಅಲ್ಲಿಯ ತನಕ ಕುಟುಂಬದವರು ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು ಕೆಲವುಂಟು. ರೋಗ ಉದರಪೊರೆಗೆ ಹಬ್ಬಿದೆಯೆ? ದುರ್ಬೀನಿನಿಂದ ನೋಡಿದ್ದಾರೆಯೆ, ಸ್ಕ್ಯಾನಿನಿಂದ ಮಾತ್ರವೆ? ಗಂಟುಗಳು ಸಣ್ಣವೆ, ದೊಡ್ಡವೆ? ಉದರಕ್ಕೆ ಮದ್ದು ಕೊಡುವುದರಿಂದ ನಿರೀಕ್ಷೆಯೇನು, ಅಪಾಯವೇನು? ಎಷ್ಟು ಸಲ ಬರಬೇಕು? ಸರ್ಕಾರದ ಯೋಜನೆಯಲ್ಲಿ ಯಾವುದು ಸೇರಿದೆ, ಯಾವುದು ಇಲ್ಲ? ಈ ಉತ್ತರಗಳು ದೊರೆಯುವ ಮೊದಲೇ ಹೊಲದ ಕಾಗದಗಳನ್ನು ಸಾಹುಕಾರನ ಬಳಿ ಒಯ್ಯುವುದು ವಿವೇಕವಲ್ಲ. ಇನ್ನೊಂದು ಮಾತು. ಯಜಮಾನನಿಗೆ ‘ಹೊಟ್ಟೆಯ ಹುಣ್ಣು’ ಎಂದಷ್ಟೇ ಹೇಳಿ, ಉಳಿದುದನ್ನು ಬಾಗಿಲ ಹೊರಗೆ ಪಿಸುಗುಟ್ಟುವ ರೂಢಿ ಮನೆಮನೆಯಲ್ಲಿಯೂ ಇದೆ. ಅದು ಪ್ರೀತಿಯಿಂದಲೇ ಬಂದ ರೂಢಿ. ಆದರೆ ಹನ್ನೆರಡು ಸಲ ಸೂಜಿಗೆ ಹೊಟ್ಟೆಯೊಡ್ಡಬೇಕಾದವನು ಅವನು. ಒಂದು ಬೆಳೆಯ ಕಾಲವನ್ನು ಹೇಗೆ ಕಳೆಯಬೇಕೆಂಬುದರಲ್ಲಿ ಅವನ ಮಾತಿಗೆ ಬೆಲೆಯಿರಬೇಕು. ಮದ್ದು ಬೇಡವೆನಿಸಿದರೂ ಹೊಟ್ಟೆಯ ನೀರು ತೆಗೆಯುವುದು, ನೋವು ತಗ್ಗಿಸುವುದು, ಅನ್ನ ಇಳಿಯುವಂತೆ ಮಾಡುವುದು ವೈದ್ಯರ ಕರ್ತವ್ಯವೇ. ಅದನ್ನು ಕೇಳಿ ಪಡೆಯಲು ಸಂಕೋಚಪಡಬೇಕಾಗಿಲ್ಲ.

ಕೊನೆಗೂ ಎಲ್ಲಕ್ಕಿಂತ ಬೆಲೆಯುಳ್ಳದ್ದು ಮೊದಲ ಕೆಲವು ತಿಂಗಳು. ಜಠರದಲ್ಲಿ ನೆಲೆಸುವ ಹೆಲಿಕೋಬ್ಯಾಕ್ಟರ್ ಎಂಬ ಜೀವಾಣು ಈ ರೋಗದ ದೊಡ್ಡ ಕಾರಣವೆಂಬುದು ಈಗ ತಿಳಿದಿದೆ. ಅದನ್ನು ಕಂಡುಹಿಡಿದ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಪಾರಿತೋಷಿಕ ಸಂದಿತು. ಪರೀಕ್ಷೆಯಿಂದ ಅದನ್ನು ಪತ್ತೆಮಾಡಿ ಗುಳಿಗೆಗಳಿಂದ ನಿವಾರಿಸಬಹುದು. ತಂಬಾಕು, ಅತಿಯಾದ ಉಪ್ಪು ಇವೂ ರೋಗಕ್ಕೆ ನೆರವಾಗುತ್ತವೆ. ಊಟ ಕಡಮೆಯಾಗಿ ತೂಕ ಇಳಿಯುತ್ತಿದ್ದರೆ, ವಾಂತಿ ಮತ್ತೆಮತ್ತೆ ಬರುತ್ತಿದ್ದರೆ, ಮಲ ಕಪ್ಪಾದರೆ, ನಡುವಯಸ್ಸು ದಾಟಿದವರಲ್ಲಿ ಹೊಟ್ಟೆಯ ಉರಿ ಹೊಸದಾಗಿ ಹುಟ್ಟಿ ಕೆಲವು ವಾರಗಳಾದರೂ ಬಿಡದಿದ್ದರೆ, ಬಾಯಿಯ ಮೂಲಕ ಕೊಳವೆ ಇಳಿಸಿ ಜಠರವನ್ನು ನೋಡುವ ಎಂಡೋಸ್ಕೋಪಿ ಮಾಡಿಸಲೇಬೇಕು. ಕಾಲು ಗಂಟೆಯ ಕೆಲಸ ಅದು, ಕಲಬುರಗಿಯಲ್ಲಿಯೇ ಆಗುತ್ತದೆ. ರೋಗ ಜಠರದ ಗೋಡೆಯೊಳಗೇ ಇರುವಾಗ ಸಿಕ್ಕಿದರೆ ಶಸ್ತ್ರಕ್ರಿಯೆಯಿಂದ ಗುಣವಾಗುವ ಸಂಭವ ಹೆಚ್ಚು. ಉದರಕ್ಕೆ ಮದ್ದು ಇಳಿಸುವ ಮಾತೇ ಬಾರದಿರಬಹುದು. ತೊಗರಿಯ ರಾಶಿಯನ್ನು ನೆರೆಯವರಾದರೂ ನಿಂತು ಮಾಡಿಸಿಕೊಟ್ಟಾರು. ಈ ಪರೀಕ್ಷೆಗೆ ಮಾತ್ರ ಉಣ್ಣಲಾರದವನೇ ಹೋಗಬೇಕು, ಅದೂ ರಾಶಿಗೆ ಮೊದಲೇ.